ಸಾಲ ಕೈ ಬದಲಾದ ದಾರಿ: ಅಥಣಿ ಕಡೆಯ ಕಬ್ಬಿನ ಗ್ಯಾಂಗಿನಿಂದ ಪುಣೆವರೆಗೆ ಒಂದು ಪ್ರಕರಣ ಅಧ್ಯಯನ

ಅಥಣಿ, ರಾಯಬಾಗ, ಜಮಖಂಡಿ, ಮುಧೋಳದ ಕಬ್ಬಿನ ಪಟ್ಟಿಯಲ್ಲಿ ಹೆಣ್ಣುಮಗಳೊಬ್ಬಳು ಕಾಣೆಯಾದರೆ ಮೊದಲು ಬರುವ ಪ್ರಶ್ನೆ "ಯಾರ ಜೋಡಿ ಓಡಿ ಹೋದ್ಲು?" ಕೇಳಬೇಕಾದದ್ದು "ಅಡ್ವಾನ್ಸ್ ಎಷ್ಟು ತಗೊಂಡಿದ್ರಿ, ಬಾಕಿ ಈಗ ಯಾರ ಕಡೆ ಐತಿ?" ಇಲ್ಲಿ ಹೇಳಲಿರುವ ಪ್ರಕರಣದಲ್ಲಿ ಈ ಎರಡನೆಯ ಪ್ರಶ್ನೆಯನ್ನು ಮೊದಲ ಸಲ ಕೇಳಿದ್ದು ಆಕೆ ಹೋದ 33ನೇ ದಿನ. ಅಲ್ಲಿಂದ ಐದೇ ದಿನಕ್ಕೆ ಆಕೆ ಸಿಕ್ಕಳು.

ಇದು ಯಾವ ಒಬ್ಬ ಹೆಣ್ಣುಮಗಳ ಕಥೆಯೂ ಅಲ್ಲ, ಯಾವ ಠಾಣೆಯ ಮೇಲಿನ ದೂರೂ ಅಲ್ಲ. ಈ ಭಾಗದಲ್ಲಿ ಮತ್ತೆ ಮತ್ತೆ ಕಾಣುವ ಎಳೆಗಳನ್ನು ಕೂಡಿಸಿ, ಕ್ಷೇತ್ರ ಕಾರ್ಯಕರ್ತರ ತರಬೇತಿಗೆ ಕಟ್ಟಿಕೊಂಡ ಪ್ರಕರಣ. ಅದರೊಳಗಿನ ದಿನ, ಸಾಲದ ಮೊತ್ತಗಳು ಉದಾಹರಣೆಗೆ ಇಟ್ಟುಕೊಂಡವು. ಕಾನೂನಿನ ಕಲಂ, ಅವಧಿ, ಯೋಜನೆಯ ಹಣದ ಲೆಕ್ಕ ಮಾತ್ರ ಇದ್ದದ್ದು ಇದ್ದ ಹಾಗೆ.

ಇನ್ನೊಂದು ಮಾತು. ಬೆಳಗಾವಿ ಎಂದ ಕೂಡಲೇ ಹಲವರ ಮನಸ್ಸು ಸವದತ್ತಿ ಗುಡ್ಡಕ್ಕೆ, ಮುತ್ತು ಕಟ್ಟುವ ಪದ್ಧತಿಗೆ ಹೋಗುತ್ತದೆ. ಅದನ್ನು ತಡೆಯಲು ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ 1982ರಲ್ಲೇ ಬಂತು. 1993-94 ಮತ್ತು 2007-08ರ ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ಮಾಜಿ ದೇವದಾಸಿಯರನ್ನು ಗುರುತಿಸಿವೆ. ಆ ಜಾಡು ಇಂದಿಗೂ ಪೂರ್ತಿ ಅಳಿದಿಲ್ಲ. ಆದರೆ ಎಲ್ಲ ಪ್ರಕರಣಕ್ಕೂ ಅದೇ ಕನ್ನಡಕ ಹಾಕಿಕೊಂಡರೆ ಕಬ್ಬಿನ ಗ್ಯಾಂಗು, ಇಟ್ಟಂಗಿ ಭಟ್ಟಿ, ಮನೆಗೆಲಸದ ಏಜೆಂಟು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಈ ಪ್ರಕರಣದಲ್ಲಿ ದೇವರೂ ಇಲ್ಲ, ಮುತ್ತೂ ಇಲ್ಲ. ಇರುವುದು ಸಾಲದ ಲೆಕ್ಕ ಬರೆಯುವ ಒಂದು ವಹಿ.

ಜೋಡಿಯ ಲೆಕ್ಕ

ವಿಜಯಪುರ ಜಿಲ್ಲೆಯ ಒಣಬೇಸಾಯದ ಹಳ್ಳಿ. ಆಕೆಗೆ 22 ವರ್ಷ, ಓದು ಏಳನೆಯತ್ತೆಗೆ ನಿಂತಿದೆ, ಮೂರು ವರ್ಷದ ಮಗು ತವರಲ್ಲಿ. ದಸರೆ ಮುಗಿದ ಮೇಲೆ ಮುಕಾದಮ, ಅಂದರೆ ಗ್ಯಾಂಗು ಕಟ್ಟುವ ಮೇಸ್ತ್ರಿ, ಊರಿಗೆ ಬಂದು ಗಂಡ-ಹೆಂಡತಿ ಇಬ್ಬರಿಗೂ ಸೇರಿ 90,000 ರೂಪಾಯಿ ಅಡ್ವಾನ್ಸ್ ಕೊಟ್ಟ. ಗಡಿಯಾಚೆ ಇದಕ್ಕೆ ಉಚಲ ಎನ್ನುತ್ತಾರೆ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ದಂಪತಿ ಕೂಡಿಯೇ ಒಂದು ಜೋಡಿ. ಕೂಲಿ ಟನ್ನಿನ ಮೇಲೆ. ಬರೆದುಕೊಳ್ಳುವವನು ಮುಕಾದಮ, ಬರೆಯುವುದು ಗಂಡನ ಹೆಸರಲ್ಲಿ. ಹೆಂಡತಿ ದುಡಿದಳು ಎನ್ನುವುದಕ್ಕೆ ವಹಿಯಲ್ಲಿ ಒಂದು ಸಾಲೂ ಇರುವುದಿಲ್ಲ. ಈ ಕೊರತೆ ಮುಂದೆ ಏಳು ತಿಂಗಳು ಕಾಡಲಿದೆ.

ಅಥಣಿ ಕಡೆ ಜೋಪಡಿ ಹಾಕಿದ ಆರನೆಯ ವಾರ ಕಬ್ಬು ಕಡಿಯುವ ಕೊಯ್ತಾ ಜಾರಿ ಗಂಡನ ಪಾದ ಸೀಳಿತು. ಹನ್ನೆರಡು ಹೊಲಿಗೆ, ಎರಡು ತಿಂಗಳು ಮಲಗಬೇಕು. ಅಷ್ಟರಲ್ಲಿ ದುಡಿದು ತೀರಿಸಿದ್ದು 28,000, ಬಾಕಿ 62,000. ಜೋಡಿಯಲ್ಲಿ ಒಬ್ಬರು ಬಿದ್ದರೆ ಇನ್ನೊಬ್ಬರ ಕೆಲಸಕ್ಕೆ ಲೆಕ್ಕವೇ ಇಲ್ಲ. ಊರಿಗೆ ಹೋಗಿ ಬರುತ್ತೇವೆ ಎಂದರೆ ಇಬ್ಬರ ಆಧಾರ್ ಕಾರ್ಡೂ ಮುಕಾದಮನ ಪೆಟ್ಟಿಗೆಯಲ್ಲಿ.

ಜೋಪಡಿಗಳಿಗೆ ಕಂತಿನ ಮೇಲೆ ಸೀರೆ ಮಾರಲು ಬರುತ್ತಿದ್ದ ಒಬ್ಬಾಕಿ ಇದ್ದಳು. ಮಿರಜ ಕಡೆಯವಳು, ಕನ್ನಡ ಚೆನ್ನಾಗಿ ಬರುತ್ತದೆ, ಎಲ್ಲರ ಬಾಯಲ್ಲೂ ಅಕ್ಕ. ಪುಣೆಯ ಆಸ್ಪತ್ರೆಯೊಂದರಲ್ಲಿ ಕಸ ಗುಡಿಸುವ ಕೆಲಸ, ತಿಂಗಳಿಗೆ 14,000, ಇರಲು ಕೋಣೆ ಎಂದಳು. ಮುಕಾದಮನಿಗೆ 25,000 ತಾನೇ ಕೊಟ್ಟು, ಅದನ್ನು ಪಗಾರದಲ್ಲಿ ಮುರಿದುಕೊಳ್ಳುತ್ತೇನೆಂದಳು. ಮುಕಾದಮ ಒಪ್ಪಿದ. ಗಂಡನೂ ಒಪ್ಪಿದ, ಬೇರೆ ದಾರಿ ಅವನಿಗೆ ಕಾಣಲಿಲ್ಲ. ಅಕ್ಕ ಹಣ ಕಳಿಸಿದ್ದು ಫೋನ್‌ಪೇಯಲ್ಲಿ. ಅದು ಆಕೆ ಮಾಡಿದ ತಪ್ಪು, ನಮಗೆ ಸಿಕ್ಕ ಹಿಡಿ.

ಡಿಸೆಂಬರಿನ ಒಂದು ಬೆಳಗ್ಗೆ ಅಥಣಿಯಿಂದ ಮಿರಜಕ್ಕೆ ಬಸ್ಸು, ಮಿರಜದಿಂದ ಪುಣೆಗೆ ರೈಲು. ಪುಣೆಯಲ್ಲಿ ಆಸ್ಪತ್ರೆ ಬರಲಿಲ್ಲ. ಮೂರನೆಯ ಮಹಡಿಯ ವೇಶ್ಯಾವಾಟಿಕೆಯ ಅಡ್ಡೆಯೊಂದರ ಯಜಮಾನತಿ, "ನಿನ್ನ ಮ್ಯಾಲೆ 1,20,000 ಕೊಟ್ಟೀನಿ, ಹರಿಸಿ ಹೋಗು" ಎಂದಳು. ಕೋಣೆ ಬಾಡಿಗೆ, ಊಟ, ಬಟ್ಟೆ, ಡಾಕ್ಟರ ಫೀಸು ಪ್ರತಿದಿನ ಆ ಮೊತ್ತಕ್ಕೇ ಕೂಡುತ್ತಿದ್ದವು. ಕಬ್ಬಿನ ಗದ್ದೆಯಲ್ಲಿ 62,000 ಇದ್ದ ಆಕೆಯ ಋಣ ನಾಲ್ಕು ದಿನದಲ್ಲಿ ಎರಡರಷ್ಟಾಗಿತ್ತು, ಕೇಳುವವರು ಬೇರೆಯಾಗಿದ್ದರು.

ಒಂಬತ್ತು ದಿನ, ಎರಡು ಠಾಣೆ

ಮೂರನೆಯ ದಿನಕ್ಕೆ ಆಕೆಯ ಫೋನ್ ಸ್ವಿಚ್ ಆಫ್. ಐದನೆಯ ದಿನ ಗಂಡ ಕುಂಟುತ್ತ ಜೋಪಡಿಗೆ ಹತ್ತಿರದ ಠಾಣೆಗೆ ಹೋದ. "ನಿಮ್ಮೂರು ಯಾವ್ದು? ಅಲ್ಲೇ ಕೊಡ್ರಿ." ಊರ ಕಡೆಯ ಠಾಣೆಯಲ್ಲಿ ಎಂಟನೆಯ ದಿನ ಸಿಕ್ಕ ಉತ್ತರ: "ಕಾಣಿ ಆಗಿದ್ದು ಕಬ್ಬಿನ ಕಡೆ. ಅಲ್ಲೇ ಹೋಗ್ರಿ." ಒಂಬತ್ತನೆಯ ದಿನ ಊರಿನ ಅಂಗನವಾಡಿ ಕಾರ್ಯಕರ್ತೆ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದಳು. ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸರ್ಕಾರಿ ಸಖಿ ಕೇಂದ್ರದವರು ಜತೆಗೆ ಬಂದ ಮೇಲೆ ಕಾಣೆ ಪ್ರಕರಣ ದಾಖಲಾಯಿತು.

ಯಾವ ಠಾಣೆಯ ಹದ್ದು ಎಂಬ ಜಗಳಕ್ಕೆ ಕಾನೂನಿನಲ್ಲಿ ಜಾಗವಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು ಎನ್ನುತ್ತದೆ. ಝೀರೋ ಎಫ್‌ಐಆರ್ ಎನ್ನುವುದು ಇದಕ್ಕೇ. ತೆಗೆದುಕೊಳ್ಳದಿದ್ದರೆ ಅದೇ ಕಲಮಿನ ನಾಲ್ಕನೆಯ ಉಪಕಲಮಿನಡಿ ದೂರನ್ನು ಬರವಣಿಗೆಯಲ್ಲಿ ಎಸ್‌ಪಿಗೆ ಕಳಿಸಬಹುದು, ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಸಂಜ್ಞೇಯ ಅಪರಾಧ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ, ಎಂದು ಮೇಲ್ನೋಟಕ್ಕೆ ಕಂಡರೆ ಎಫ್‌ಐಆರ್ ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಅಂಚೆಯಲ್ಲಿ ಕಳಿಸುವುದಾದರೆ ಸ್ಪೀಡ್ ಪೋಸ್ಟ್ ಮಾಡಿಸಿ ರಸೀದಿ ಇಟ್ಟುಕೊಳ್ಳಬೇಕು. ತಿಂಗಳುಗಳ ನಂತರ "ತಡವಾಗಿ ದೂರು ಕೊಟ್ಟಿರಿ" ಎಂದು ಎದುರು ವಕೀಲರು ಕೆಣಕಿದಾಗ ಆ ರಸೀದಿಯೇ ಉತ್ತರ.

ದಾಖಲಾಯಿತು ನಿಜ, ಆದರೆ ದೂರಿನಲ್ಲಿದ್ದದ್ದು ಇಷ್ಟೇ: "ನನ್ನ ಮಗಳು ಕೆಲಸಕ್ಕೆಂದು ಹೋದವಳು ಮರಳಿ ಬಂದಿಲ್ಲ, ಹುಡುಕಿಕೊಡಬೇಕು." ಅಕ್ಕನ ಹೆಸರಿಲ್ಲ, ಮುಕಾದಮನಿಲ್ಲ, 25,000 ಇಲ್ಲ. ಗಂಡ ಬಾಯಿ ಬಿಡಲಿಲ್ಲ. ಅಡ್ವಾನ್ಸ್ ತೆಗೆದುಕೊಂಡದ್ದು ತನ್ನ ಮೇಲೇ ಬರುತ್ತದೆ, ಹೆಂಡತಿಯನ್ನು ತಾನೇ ಮಾರಿದೆ ಎಂದಾರು ಎಂಬ ಹೆದರಿಕೆ. ಮನೆಯವರು ಮುಚ್ಚಿಡುವುದು ಬಹುತೇಕ ಇಂಥ ಭಯಕ್ಕೆ. ಅವರನ್ನು ಆರೋಪಿಯ ಹಾಗೆ ಬೆದರಿಸಿ ಕೇಳಿದರೆ ಮಾತು ಅಲ್ಲೇ ನಿಲ್ಲುತ್ತದೆ. "ಹಂಗಾಮಿಗೆ ಎಲ್ಲಾರೂ ತಗೋತಾರ, ನೀವು ಎಷ್ಟು ತಗೊಂಡಿದ್ರಿ?" ಎಂದು ಸಲೀಸಾಗಿ ಕೇಳಿದರೆ ಹೇಳುತ್ತಾರೆ.

ದೂರಿನಲ್ಲಿ ಇರಬೇಕಾದದ್ದನ್ನು ಇಲ್ಲೇ ಬರೆದಿಡೋಣ. ಕೊನೆಗೆ ನೋಡಿದ ಜಾಗ, ದಿನ, ಹೊತ್ತು. ಉಟ್ಟ ಸೀರೆಯ ಬಣ್ಣ, ಕೈ ಮೇಲಿನ ಹಚ್ಚೆ. ಆಕೆಗೆ ಬರುವ ಭಾಷೆಗಳು. ಫೋನ್ ನಂಬರಿನ ಜತೆ ಡಬ್ಬಿಯ ಮೇಲಿನ ಐಎಂಇಐ ನಂಬರು, ಏಕೆಂದರೆ ಸಿಮ್ ಬಿಸಾಕುವವರು ಹ್ಯಾಂಡ್‌ಸೆಟ್ಟನ್ನು ಬಿಸಾಕುವುದು ಕಡಿಮೆ. ಕೆಲಸ ಕೊಡಿಸುತ್ತೇನೆಂದವರು ಹೇಳಿದ ಊರು, ಪಗಾರ. ಮತ್ತು ಅಡ್ವಾನ್ಸ್: ಯಾರು, ಯಾರಿಗೆ, ಎಷ್ಟು, ಕೈಯಲ್ಲೋ ಫೋನಲ್ಲೋ. ಹದಿನೆಂಟು ತುಂಬಿಲ್ಲ ಎಂಬ ಸಂಶಯ ಇದ್ದರೂ ಶಾಲೆಯ ದಾಖಲೆಯನ್ನು ಅದೇ ದಿನ ಲಗತ್ತಿಸಬೇಕು. ಬಾಲನ್ಯಾಯ ಕಾಯ್ದೆಯ ಕಲಂ 94ರ ಪ್ರಕಾರ ವಯಸ್ಸಿಗೆ ಮೊದಲು ನೋಡುವುದು ಶಾಲೆಯ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯ್ತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ಎಲುಬಿನ ಪರೀಕ್ಷೆ.

ನಲವತ್ತು ಸೆಕೆಂಡು

ಹತ್ತೊಂಬತ್ತನೆಯ ದಿನ ಸಂಜೆ ತಾಯಿಯ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ. "ಅವ್ವಾ, ನಾ ಪುಣೆದಾಗ ಅದೀನಿ, ಕೆಲಸ ಅದಲ್ಲವಾ..." ಅಲ್ಲಿಗೆ ಕಡಿಯಿತು. ಗಿರಾಕಿಯೊಬ್ಬನ ಫೋನು. ಕಾಕಾ ತಕ್ಷಣ ಅದೇ ನಂಬರಿಗೆ ಮೂರು ಸಲ ಮರಳಿ ಕರೆ ಮಾಡಿದ, ಮೂರನೆಯ ಸಲ ಬೈದ. ಅದೇ ರಾತ್ರಿ ಆಕೆಯನ್ನು ಬೇರೆ ಮನೆಗೆ ಸಾಗಿಸಿದರು, ಹೊಡೆದರು ಕೂಡ.

ಮರಳಿ ಕರೆ ಮಾಡಬಾರದು. ಈ ಒಂದು ಮಾತನ್ನು ಕಾಣೆ ದೂರು ಬರೆದ ದಿನವೇ ಮನೆಯ ಪ್ರತಿಯೊಬ್ಬರಿಗೂ ಹೇಳಬೇಕು, ಹೇಳಿಸಬೇಕು. ಬಂದ ನಂಬರು, ಬಂದ ಗಂಟೆ-ನಿಮಿಷ, ಎಷ್ಟು ಹೊತ್ತು ಮಾತಾಡಿದಳು ಎಂಬುದನ್ನು ಬರೆದುಕೊಂಡು ತನಿಖಾಧಿಕಾರಿಗೆ ಮುಟ್ಟಿಸಿದರೆ ಸಾಕು. ಕರೆ ವಿವರ, ಟವರು ತೆಗೆಯುವುದು ಅವರ ಕೆಲಸ.

ಮುಂದಿನ ಕರೆ ಬಂದೇ ಬರುತ್ತದೆ ಎಂದು ಸಖಿಯ ಆಪ್ತ ಸಮಾಲೋಚಕಿ ತಾಯಿಗೆ ಪಾಠ ಮಾಡಿದ್ದರು. ಪಕ್ಕದಲ್ಲಿ ಯಾರೋ ನಿಂತಿರುತ್ತಾರೆ ಎಂದೇ ತಿಳಿದು, ಹೂಂ, ಉಹೂಂ ಎಂದರೆ ಸಾಕಾಗುವ ಪ್ರಶ್ನೆ ಕೇಳಬೇಕು. ಕಿಟಕಿಯಿಂದ ರಸ್ತೆ ಕಾಣತೈತೇನ? ರೈಲಿನ ಸಪ್ಪಳ ಬರತೈತೇನ? ಕೆಳಗಿನ ಅಂಗಡಿ ಬಂಗಾರದ್ದೇನ, ಬಟ್ಟಿದೇನ? ಎಷ್ಟನೇ ಮಾಳಿಗಿ, ಎರಡ, ಮೂರ? ಕನ್ನಡದವರು ಇನ್ನೂ ಅದಾರೇನ? ಅಳಬಾರದು, "ಯಾವಾಗ ಬರ್ತೀ" ಎನ್ನಬಾರದು, ಪೊಲೀಸ್ ಎಂಬ ಶಬ್ದ ಬಾಯಿಂದ ಬರಬಾರದು. 31ನೇ ದಿನದ ಕರೆ ಒಂದೂವರೆ ನಿಮಿಷ ನಡೆಯಿತು. ಮಾಳಿಗೆ ಎರಡು, ಕೆಳಗೆ ಪಾತ್ರೆ ಅಂಗಡಿ, ಸಮೀಪ ಗುಡಿಯ ಗಂಟೆ, ಕನ್ನಡದವರು ಇನ್ನಿಬ್ಬರು. ಓದು ಬಾರದ ತಾಯಿ ಅಷ್ಟನ್ನೂ ನೆನಪಿಟ್ಟು ಹೇಳಿದಳು, ನೆರೆಮನೆಯ ಹುಡುಗಿ ಬರೆದಳು.

ಎರಡು ದಿನದ ಮೇಲೆ ಕಡತ ಜಿಲ್ಲೆಯ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಬಂತು. ಅಲ್ಲಿನ ಅಧಿಕಾರಿ ಗಂಡನಿಗೆ ಅಡ್ವಾನ್ಸಿನ ಪ್ರಶ್ನೆ ಕೇಳಿದರು. ಮುಕಾದಮನ ಫೋನಿನಲ್ಲಿ ಸೀರೆಯ ಅಕ್ಕನ ನಂಬರಿನಿಂದ ಬಂದ 25,000 ಸಿಕ್ಕಿತು. ಆ ನಂಬರಿನ ಕರೆಗಳಲ್ಲಿ ಪುಣೆಯ ಒಂದೇ ನಂಬರು ಹದಿನೇಳು ಸಲ ಇತ್ತು, ತಾಯಿ ಹೇಳಿದ ಗುರುತು ಆ ಟವರಿನೊಳಗೇ ಬಿತ್ತು.

ಈ 25,000 ಕಾನೂನಿನಲ್ಲಿ ಏಕೆ ಇಷ್ಟು ತೂಕದ್ದು? ಭಾರತೀಯ ನ್ಯಾಯ ಸಂಹಿತೆಯ ಕಲಂ 143ರಲ್ಲಿ ಕಳ್ಳಸಾಗಣೆ ರುಜುವಾತಾಗಲು ಮೂರು ಬೇಕು: ಕೃತ್ಯ, ಅಂದರೆ ನೇಮಿಸುವುದು, ಸಾಗಿಸುವುದು, ಇಟ್ಟುಕೊಳ್ಳುವುದು, ವರ್ಗಾಯಿಸುವುದು ಅಥವಾ ಪಡೆದುಕೊಳ್ಳುವುದು, ಸಾಧನ, ಅಂದರೆ ಬೆದರಿಕೆ, ಬಲ, ಅಪಹರಣ, ಮೋಸ, ಅಧಿಕಾರ ದುರ್ಬಳಕೆ ಅಥವಾ ಆಮಿಷ, ಮತ್ತು ಶೋಷಣೆಯ ಉದ್ದೇಶ. ಆಮಿಷದೊಳಗೆ, ಆ ವ್ಯಕ್ತಿಯ ಮೇಲೆ ಹಿಡಿತ ಇರುವವರ ಒಪ್ಪಿಗೆ ಪಡೆಯಲು ಹಣ ಕೊಡುವುದೂ ಪಡೆಯುವುದೂ ಬರುತ್ತದೆ ಎಂದು ಕಲಮೇ ಬಿಡಿಸಿ ಹೇಳಿದೆ. ಮುಕಾದಮನಿಗೆ ಹೋದ ಹಣ ಅಕ್ಷರಶಃ ಅದೇ. ಹಾಗಾಗಿ ಅವನು ಬರೀ ಸಾಕ್ಷಿಯಾಗಿ ಉಳಿಯಲಾರ. "ಆಕೆ ತಾನಾಗೇ ಹೋದ್ಲು" ಎನ್ನುವ ವಾದವೂ ನಿಲ್ಲದು, ಸಂತ್ರಸ್ತೆಯ ಒಪ್ಪಿಗೆ ಇಲ್ಲಿ ಲೆಕ್ಕಕ್ಕೇ ಇಲ್ಲ ಎಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ವಯಸ್ಕ ಒಬ್ಬರನ್ನು ಸಾಗಿಸಿದರೆ 7ರಿಂದ 10 ವರ್ಷ, ಒಬ್ಬರಿಗಿಂತ ಹೆಚ್ಚಾದರೆ 10 ವರ್ಷದಿಂದ ಜೀವಾವಧಿ. ಸಾಗಿಸಿ ತಂದವರೆಂದು ತಿಳಿದೂ ಲೈಂಗಿಕ ಶೋಷಣೆಗೆ ಬಳಸಿದವರಿಗೆ ಕಲಂ 144ರಲ್ಲಿ 3ರಿಂದ 7 ವರ್ಷ.

ಫೋನ್‌ಪೇ ಪರದೆಯ ಫೋಟೊ ತೆಗೆದು ಕಡತಕ್ಕೆ ಅಂಟಿಸಿದರೆ ಸಾಕ್ಷ್ಯವಾಗುವುದಿಲ್ಲ. ಬ್ಯಾಂಕಿನಿಂದ ಖಾತೆಯ ವಿವರ ತರಿಸಬೇಕು, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಜತೆಗಿರಬೇಕು. ಮಿರಜ ನಿಲ್ದಾಣದ ಸಿಸಿಟಿವಿಯನ್ನು ಕೇಳುವ ಹೊತ್ತಿಗೆ ಹಳೆಯ ದೃಶ್ಯ ಅಳಿಸಿಹೋಗಿತ್ತು. ಒಂಬತ್ತನೆಯ ದಿನವೇ ಒಂದು ಪತ್ರ ಹೋಗಿದ್ದರೆ ಅಕ್ಕನ ಮುಖ ಸಿಗುತ್ತಿತ್ತು.

ಬಾಗಿಲು ತೆಗೆದ ಮೇಲೆ

38ನೇ ದಿನದ ದಾಳಿ ಪುಣೆ ಪೊಲೀಸರದು. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ ಕಲಂ 15ರಂತೆ ವಾರಂಟ್ ಇಲ್ಲದೆ ಒಳಹೋಗುವಾಗ ಇಬ್ಬರು ಮಹಿಳಾ ಪೊಲೀಸರು ಜತೆಗಿರಬೇಕು, ಸ್ಥಳೀಯ ಪಂಚರಲ್ಲಿ, ಅಂದರೆ ಶೋಧಕ್ಕೆ ಸಾಕ್ಷಿಯಾಗುವವರಲ್ಲಿ, ಕನಿಷ್ಠ ಒಬ್ಬ ಹೆಣ್ಣುಮಗಳು ಇರಬೇಕು. ಈಗ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರ ಪ್ರಕಾರ ಶೋಧವನ್ನು ಧ್ವನಿ ಸಹಿತ ಚಿತ್ರೀಕರಿಸಬೇಕು. ಇವೆಲ್ಲ ಸರಿಯಾಗಿ ನಡೆದವು. ಆರು ಜನ ಹೆಣ್ಣುಮಕ್ಕಳು ಹೊರಬಂದರು. ಅವರಲ್ಲಿ ಮೂವರು ತಾವು ಸ್ವಂತ ಇಚ್ಛೆಯಿಂದ ಇದ್ದೇವೆ ಎಂದರು. ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದ 2022ರ ಮೇ 19ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಇಂಥ ದಾಳಿಯಲ್ಲಿ ಲೈಂಗಿಕ ಕಾರ್ಯಕರ್ತೆಯರನ್ನು ಬಂಧಿಸಬಾರದು, ದಂಡಿಸಬಾರದು, ವಯಸ್ಕರನ್ನು ಮನಸ್ಸಿಲ್ಲದೆ ನಿಲಯದಲ್ಲಿ ಕೂಡಿಹಾಕಬಾರದು, ಮಾಧ್ಯಮದಲ್ಲಿ ಗುರುತು ಬಿಡಬಾರದು ಎಂದಿದೆ. ಆ ಮೂವರನ್ನೂ ಉಳಿದ ಮೂವರನ್ನೂ ಒಂದೇ ವ್ಯಾನಿನಲ್ಲಿ ಒಂದೇ ಪಟ್ಟಿಯಲ್ಲಿ ಹಾಕಿದರೆ ಎರಡು ಕಡೆಯೂ ಅನ್ಯಾಯ. ಒಬ್ಬರ ಬದುಕಿಗೆ ಕೈ ಹಾಕಿದಂತೆ, ಇನ್ನೊಬ್ಬರ ಸಾಕ್ಷ್ಯಕ್ಕೆ ಕಲ್ಲು ಹಾಕಿದಂತೆ.

ಇಲ್ಲಿ ಎಡವಿದ್ದು ಭಾಷೆಯಲ್ಲಿ. ಆಕೆಗೆ ಮರಾಠಿ ಅರ್ಧಂಬರ್ಧ ಅರ್ಥವಾಗುತ್ತದೆ, ಆಡಲು ಬಾರದು. ಮೊದಲ ಹೇಳಿಕೆಯನ್ನು ಹಿಂದಿಯಲ್ಲಿ ಕೇಳಿ ಮರಾಠಿಯಲ್ಲಿ ಬರೆದರು. ಅಕ್ಕನ ಬಗ್ಗೆ "ಆಕೀನ ಜೋಡಿ ಬಂದೆ" ಎಂದಿದ್ದಳು. ಜೊತೆಗೆ ಬಂದೆ ಎಂದಷ್ಟೇ ಅದರ ಅರ್ಥ. ಬರೆದವರು ಅದನ್ನು ತನ್ನ ಇಚ್ಛೆಯಿಂದ ಬಂದೆ ಎಂದು ಹೊರಳಿಸಿದರು. ಜಾಮೀನು ಅರ್ಜಿಯಲ್ಲಿ ಎದುರು ಪಕ್ಷ ಹಿಡಿದದ್ದು ಅದೇ ವಾಕ್ಯ. ಮ್ಯಾಜಿಸ್ಟ್ರೇಟರ ಮುಂದೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 183ರ ಹೇಳಿಕೆಗೆ ಮೊದಲು ಕನ್ನಡ ಬಲ್ಲ ದುಭಾಷಿ ಬೇಕೆಂದು ಕಾನೂನು ಸೇವಾ ಪ್ರಾಧಿಕಾರದ ವಕೀಲೆ ಅರ್ಜಿ ಹಾಕಿದ್ದರಿಂದ ಎರಡನೆಯ ಹೇಳಿಕೆ ನೆಟ್ಟಗಾಯಿತು. ಕಳ್ಳಸಾಗಣೆಗೆ ಸಿಕ್ಕವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರಲ್ಲೇ ಇದು ಇದೆ. ಸಹಾಯವಾಣಿ 15100. ಗಡಿಜಿಲ್ಲೆಯ ಸಂಸ್ಥೆಗಳು ಫೋನಿನಲ್ಲಿ ತಕ್ಷಣ ಸಿಗುವ ನಾಲ್ಕೈದು ಕನ್ನಡ-ಮರಾಠಿ ದುಭಾಷಿಗಳ ಪಟ್ಟಿ ಇಟ್ಟುಕೊಂಡರೆ ಹತ್ತು ತರಬೇತಿಗಿಂತ ಮೇಲು ಎಂಬುದು ನಮ್ಮ ಅನಿಸಿಕೆ.

ವೈದ್ಯಕೀಯ ಪರೀಕ್ಷೆ ವಯಸ್ಸು, ಗಾಯ, ಲೈಂಗಿಕ ರೋಗಗಳಿಗೆ. ಎಚ್‌ಐವಿ ಪರೀಕ್ಷೆ ಮಾತ್ರ ಆಕೆ ತಿಳಿದು ಒಪ್ಪಿದರಷ್ಟೇ, 2017ರ ಎಚ್‌ಐವಿ ಕಾಯ್ದೆ ಹಾಗೆನ್ನುತ್ತದೆ. ಫಲಿತಾಂಶ ನಿಲಯದ ಅಡುಗೆಯವರವರೆಗೂ ಹರಡುವುದು ನಡೆಯುತ್ತಲೇ ಇದೆ.

ಮುಂದಿನದು ಕಾಯುವಿಕೆ. ಅನೈತಿಕ ವ್ಯವಹಾರ ತಡೆ ಕಾಯ್ದೆಯ ಕಲಂ 17ರಲ್ಲಿ, ಸಮೀಪದ ಮ್ಯಾಜಿಸ್ಟ್ರೇಟರ ಮೊದಲ ಆದೇಶದ ಮೇಲೆ 10 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ, ವಿಚಾರಣೆ ನಡೆಯುವಾಗಿನ ಸುರಕ್ಷಿತ ವಶ 3 ವಾರ ಮೀರುವಂತಿಲ್ಲ. ಆಕೆ ಇದ್ದದ್ದು ನಾಲ್ಕು ತಿಂಗಳು. ಪುಣೆಯಿಂದ ವಿಜಯಪುರಕ್ಕೆ ಮನೆ ಪರಿಶೀಲನೆ ಕೇಳಿ ಹೋದ ಪತ್ರ ಮರಾಠಿಯಲ್ಲಿತ್ತು, ಅಂಚೆಯಲ್ಲಿತ್ತು, ಊರಿನ ಹೆಸರಿನ ಕಾಗುಣಿತ ತಪ್ಪಿತ್ತು. ಕೊನೆಗೂ ಪರಿಶೀಲನೆಗೆ ಬಂದವರು ಇಲಾಖೆಯ ಫಲಕದ ಜೀಪಿನಲ್ಲಿ ಬಂದು ಪಂಚಾಯ್ತಿ ಕಟ್ಟೆಯ ಮೇಲೆ ವಿಚಾರಿಸಿದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತು. ವರದಿಯಲ್ಲಿ "ತಂದೆ-ತಾಯಿ ಕರೆದುಕೊಳ್ಳಲು ಸಿದ್ಧ" ಎಂಬ ಸಾಲಿತ್ತು, ಸಾಲದ ಸುದ್ದಿ ಇರಲಿಲ್ಲ. ಮನೆಯಲ್ಲಿ ಯಾರ ಋಣ ಬಾಕಿ ಇದೆ, ಕೇಳಲು ಯಾರು ಬರುತ್ತಾರೆ, ಕರೆದೊಯ್ದವರ ನೆಂಟರು ಊರಲ್ಲಿದ್ದಾರೆಯೇ ಎನ್ನದ ವರದಿ ಕೈಗಿಟ್ಟು ಕಳಿಸುವುದೆಂದರೆ ಮತ್ತೆ ಅದೇ ಬಸ್ಸಿಗೆ ಟಿಕೆಟ್ ಕೊಟ್ಟಂತೆ.

ಮನೆಗೆ ಬಂದ ವಹಿ

ಸೊಲ್ಲಾಪುರದ ಮೇಲೆ ರೈಲಿನಲ್ಲಿ, ಇಬ್ಬರು ಮಹಿಳಾ ಪೊಲೀಸರ ಜತೆ ಆಕೆ ವಿಜಯಪುರಕ್ಕೆ ಬಂದಳು. ಸಖಿ ಕೇಂದ್ರದಲ್ಲಿ 5 ದಿನದವರೆಗೆ ತಂಗಬಹುದು, ಮೂರು ದಿನ ಇದ್ದು ತವರಿಗೆ ಹೋದಳು. ಆರನೆಯ ದಿನ ಮುಕಾದಮನ ತಮ್ಮ ಬಾಗಿಲಲ್ಲಿದ್ದ. ಮುಕಾದಮ ಜೈಲಿನಲ್ಲಿ, ವಹಿ ತಮ್ಮನ ಕೈಯಲ್ಲಿ. ಬಾಕಿ 37,000, ಹಂಗಾಮು ಅರ್ಧಕ್ಕೆ ಬಿಟ್ಟ ದಂಡ 20,000, ಬಡ್ಡಿ ಬೇರೆ. ತಂದೆ ಎರಡು ಎಮ್ಮೆಯಲ್ಲಿ ಒಂದನ್ನು ಮಾರಲು ಹೊರಟ. ಇನ್ನೊಂದು ಹಂಗಾಮಿಗೆ ಮಗಳನ್ನೇ ಕಳಿಸುವ ಮಾತೂ ಮನೆಯಲ್ಲಿ ಆಗಿತ್ತು.

ಇಲ್ಲಿ ಬಳಸಿದ್ದು 1976ರ ಜೀತ ಕಾರ್ಮಿಕ ಪದ್ಧತಿ ನಿರ್ಮೂಲನಾ ಕಾಯ್ದೆ. ಜೀತ ಎಂದರೆ ತಲೆಮಾರಿನಿಂದ ಗೌಡರ ಮನೆಯಲ್ಲಿ ದುಡಿಯುವವರು ಎಂಬ ಚಿತ್ರ ಬಹಳ ಜನರ ತಲೆಯಲ್ಲಿದೆ, ಅಧಿಕಾರಿಗಳ ತಲೆಯಲ್ಲೂ. ಕಾಯ್ದೆ ಕೇಳುವುದು ಮುಂಗಡ ಕೊಟ್ಟು, ಅದರ ಹೆಸರಲ್ಲಿ ಬೇರೆ ಕೆಲಸಕ್ಕೆ ಹೋಗುವ ಅಥವಾ ಓಡಾಡುವ ಸ್ವಾತಂತ್ರ್ಯ ಕಸಿದಿದ್ದಾರೆಯೇ ಎಂಬುದನ್ನು. ಆಧಾರ್ ಕಾರ್ಡು ಪೆಟ್ಟಿಗೆಯಲ್ಲಿಟ್ಟು ಊರಿಗೆ ಬಿಡದ ಮುಕಾದಮನ ಗ್ಯಾಂಗು ಅದರೊಳಗೆ ಬರುತ್ತದೆ. ಕಲಂ 6ರಂತೆ ಅಂಥ ಸಾಲ ಅಳಿದುಹೋಗುತ್ತದೆ. ಕಲಂ 9ರಂತೆ ಅಳಿದ ಸಾಲಕ್ಕೆ ಹಣ ಸ್ವೀಕರಿಸುವುದೇ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆ. ಕಲಂ 15ರಂತೆ ಇದು ಜೀತದ ಸಾಲ ಅಲ್ಲ ಎಂದು ತೋರಿಸುವ ಹೊಣೆ ಸಾಲ ಕೊಟ್ಟವನದು. ಈ ಕೊನೆಯ ಕಲಮನ್ನು ಓದಿ ಹೇಳಿದ ದಿನ ತಂದೆ ಎಮ್ಮೆಯ ಹಗ್ಗ ಬಿಚ್ಚಿ ಮತ್ತೆ ಗೂಟಕ್ಕೆ ಕಟ್ಟಿದ.

ಅರ್ಜಿ ಹೋದದ್ದು ಚಿಕ್ಕೋಡಿ ಉಪವಿಭಾಗಾಧಿಕಾರಿಗೆ, ಜೋಪಡಿ ಇದ್ದ ಅಥಣಿ ತಾಲ್ಲೂಕು ಆ ಉಪವಿಭಾಗದ್ದು. ಊರು ವಿಜಯಪುರದ್ದೆಂದು ಮೊದಲು ಇಂಡಿ ಉಪವಿಭಾಗಕ್ಕೆ ಕಳಿಸಿ ಐದು ವಾರ ಹೋಯಿತು. ದುಡಿಸಿಕೊಂಡ ಜಾಗ ಯಾವ ಉಪವಿಭಾಗವೋ ಅಲ್ಲಿಗೇ ಹೋಗಬೇಕು. ವಹಿಯಲ್ಲಿ ಆಕೆಯ ಹೆಸರಿಲ್ಲ ಎಂಬ ತೊಡಕು ಬಂದದ್ದು ಇಲ್ಲಿಯೇ. ಹೊಂದಿಸಿದ ಪುರಾವೆಗಳು ಇಷ್ಟು: ಗಂಡನ ಪಾದದ ಹೊಲಿಗೆಯ ಸರ್ಕಾರಿ ಆಸ್ಪತ್ರೆ ಚೀಟಿ, ಅದರ ಮೇಲಿನ ತಾರೀಖು ಮತ್ತು ಜತೆಗೆ ಬಂದವರ ಕಾಲಮಿನಲ್ಲಿ ಆಕೆಯ ಹೆಸರು, ಕಬ್ಬಿನ ಗಾಡಿಯ ಮೇಲೆ ಕೂತ ಗ್ಯಾಂಗಿನ ಫೋಟೊ, ಆಕೆಯ ಹಳೆಯ ಸಿಮ್ ಆರು ವಾರ ಅಥಣಿ ಕಡೆಯ ಟವರಿನಲ್ಲಿದ್ದ ವಿವರ, ಅದೇ ಗ್ಯಾಂಗಿನ ಇನ್ನೊಂದು ಜೋಡಿಯ ಹೇಳಿಕೆ, ಮತ್ತು ಫೋನ್‌ಪೇಯ 25,000. ಏಳನೆಯ ತಿಂಗಳು ಬಿಡುಗಡೆ ಪ್ರಮಾಣಪತ್ರ ಬಂತು.

2016ರ ಕೇಂದ್ರ ಪುನರ್ವಸತಿ ಯೋಜನೆಯಡಿ ತಕ್ಷಣದ ನೆರವು ಈಗ 30,000 ರೂಪಾಯಿವರೆಗೆ. ಪೂರ್ಣ ನೆರವು ವಯಸ್ಕ ಗಂಡಸರಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆ ಅಥವಾ ಲೈಂಗಿಕ ಶೋಷಣೆಯಂಥ ತೀವ್ರ ಪ್ರಕರಣಕ್ಕೆ 3 ಲಕ್ಷ. ದೊಡ್ಡ ಮೊತ್ತ ಕೈಗೆ ಬರುವುದು ನ್ಯಾಯಾಲಯದ ಪ್ರಕ್ರಿಯೆ ಮುಗಿದ ಮೇಲೆ. ಆ ಭರವಸೆಯ ಮೇಲೆ ಮನೆಯವರು ಬೇರೆ ಸಾಲ ಎತ್ತದಂತೆ ಮೊದಲೇ ಹೇಳಬೇಕು. ಪ್ರಮಾಣಪತ್ರದ ನಿಜವಾದ ಬೆಲೆ ಹಣಕ್ಕಿಂತ ಆ ಕಾಗದದಲ್ಲೇ ಇದೆ. ಮುಕಾದಮನ ತಮ್ಮ ಮತ್ತೆ ಬಂದಾಗ ತಾಯಿ ಜೆರಾಕ್ಸ್ ಪ್ರತಿ ತೋರಿಸಿದಳು, ಅಷ್ಟೇ.

ಇನ್ನೊಂದು ದಾರಿ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 396ರ ಸಂತ್ರಸ್ತರ ಪರಿಹಾರ. ವಿಜಯಪುರದ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಪುಣೆಯ ಪ್ರಾಧಿಕಾರಕ್ಕೆ ಅರ್ಜಿ ಹೋಯಿತು, ವಿಚಾರಣೆ ಮುಗಿಯುವ ಮೊದಲೇ ಮಧ್ಯಂತರ ಪರಿಹಾರ ಕೇಳಬಹುದು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ (ನಾಲ್ಸಾ) 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ. ಎಫ್‌ಐಆರ್‌ನಲ್ಲಿ ಅತ್ಯಾಚಾರದ ಕಲಮು ಸೇರಿದೆಯೇ ಎಂದು ವಕೀಲರು ಆರಂಭದಲ್ಲೇ ನೋಡಬೇಕಾದದ್ದು ಇದಕ್ಕೂ ಕೂಡ.

ಹಣ ಬರಲು ಆಕೆಯ ಒಬ್ಬಳ ಹೆಸರಿನ ಖಾತೆ ಬೇಕು. ಇದ್ದ ಖಾತೆ ಗಂಡನ ಜತೆ ಜಂಟಿ. ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು ಮೈದುನನದು, ಒಟಿಪಿ ಅವನಿಗೆ ಹೋಗುತ್ತಿತ್ತು. ಮೊದಲು ಆಧಾರ್ ಸೇವಾ ಕೇಂದ್ರದಲ್ಲಿ ನಂಬರು ಬದಲಿಸಿ, ಆಮೇಲೆ ಹೊಸ ಖಾತೆ ತೆಗೆಯಬೇಕು. ಕ್ರಮ ತಿರುಗಿದರೆ ಹಣ ಬಂದ ಸುದ್ದಿ ಮೈದುನನಿಗೆ ಮೊದಲು ತಿಳಿಯುತ್ತದೆ.

ಪುನರ್ವಸತಿ ಎಂದರೆ ಹೊಲಿಗೆ ಯಂತ್ರ ಎಂದು ಯಾರು ತೀರ್ಮಾನಿಸಿದರೋ. ಆಕೆಯ ಊರಲ್ಲಿ ಆಗಲೇ ನಾಲ್ವರು ಬ್ಲೌಸ್ ಹೊಲಿಯುತ್ತಾರೆ. ಏನು ಮಾಡಬೇಕೆಂದು ಕೇಳಿದಾಗ ಆಕೆ ಹೇಳಿದ್ದು ರೊಟ್ಟಿ. ತಾಲ್ಲೂಕು ಕೇಂದ್ರದಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳ ಸಂಘವೊಂದಕ್ಕೆ ಸೇರಿದಳು. ಅಲ್ಲಿ ಯಾರೂ ಹಿಂದಿನದು ಕೇಳಲಿಲ್ಲ. ಗಂಡ ಮೂರು ತಿಂಗಳ ಮೇಲೆ ಬಂದ, ಆಕೆ ತವರಲ್ಲೇ ಉಳಿದಳು. ಅದು ಅವರಿಬ್ಬರ ವಿಷಯ.

ವಿಚಾರಣೆ ಪುಣೆಯಲ್ಲಿ. ಮೊದಲ ಸಮನ್ಸನ್ನು ಸಮವಸ್ತ್ರದ ಪೇದೆ ರೊಟ್ಟಿ ಕೇಂದ್ರಕ್ಕೇ ತಂದು ಹೆಸರು ಕೂಗಿದ, ಆಕೆ ಎರಡು ವಾರ ಕೆಲಸಕ್ಕೆ ಹೋಗಲಿಲ್ಲ. ಸಾಕ್ಷಿಗಳು ತಿರುಗಿಬೀಳುವುದು ಇಂಥ ದಿನಗಳಲ್ಲಿ, ಕಟಕಟೆಯಲ್ಲಲ್ಲ. ಮುಂದಿನ ಸಮನ್ಸ್ ವಕೀಲೆಯ ಮೂಲಕ ಬರುವಂತೆ ಕೋರಿಕೆ ಸಲ್ಲಿಸಲಾಯಿತು, 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಅರ್ಜಿ ಹೋಯಿತು, ವಿಜಯಪುರದ ನ್ಯಾಯಾಲಯದಿಂದ ವಿಡಿಯೊ ಮೂಲಕ ಸಾಕ್ಷ್ಯ ನುಡಿಯಲು ಅನುಮತಿ ಸಿಕ್ಕಿತು. ಕನ್ನಡ ದುಭಾಷಿ ಪುಣೆಯ ಕಡೆ ಕೂರಬೇಕೋ ವಿಜಯಪುರದ ಕಡೆಯೋ ಎಂಬುದಕ್ಕೇ ಒಂದು ತಾರೀಖು ಹೋಯಿತು. ನಮ್ಮ ಸಲಹೆ ಸಾಕ್ಷಿಯ ಪಕ್ಕದಲ್ಲಿ: ನೆಟ್‌ವರ್ಕ್ ತಡವರಿಸಿದಾಗ ಅರ್ಧ ಕೇಳಿದ ಮಾತನ್ನು ದೂರದವರು ಪೂರ್ತಿ ಮಾಡಿ ಹೇಳಿಬಿಡುತ್ತಾರೆ.

ಆ ವರ್ಷದ ದಸರೆಗೆ ಅದೇ ಅಂಗನವಾಡಿ ಕಾರ್ಯಕರ್ತೆ ಇನ್ನೂರು ಪುಟದ ಒಂದು ನೋಟುಬುಕ್ಕಿಗೆ ಗೆರೆ ಎಳೆದಳು. ಯಾರ ಗ್ಯಾಂಗು, ಎಷ್ಟು ಜೋಡಿ, ಯಾವ ಕಾರ್ಖಾನೆಯ ಸೀಮೆ, ಟ್ರ್ಯಾಕ್ಟರ್ ನಂಬರು, ಮುಕಾದಮನ ಎರಡು ಫೋನು. ಅಡ್ವಾನ್ಸಿನ ಕಾಲಂ ಎರಡು ಮಾಡಿದಳು, ಒಂದು ಗಂಡನ ಹೆಸರಿಗೆ, ಒಂದು ಹೆಂಡತಿಯ ಹೆಸರಿಗೆ. ಆಧಾರ್ ಕಾರ್ಡು ಯಾರ ಬಳಿ ಇದೆ ಎಂಬುದಕ್ಕೆ ಇನ್ನೊಂದು. ಊರು ಬಿಡುವ ಹಿಂದಿನ ರಾತ್ರಿ ಹದಿನಾಲ್ಕು ಜೋಡಿಯ ಹೆಣ್ಣುಮಕ್ಕಳಿಗೆ ತಾಯಿಯ ಫೋನ್ ನಂಬರು ಬಾಯಿಪಾಠ ಬರುತ್ತದೆಯೇ ಎಂದು ಕೇಳಿದಳು. ಆರು ಮಂದಿಗೆ ಬಂತು. ಉಳಿದ ಎಂಟು ಮಂದಿಯನ್ನು ಟ್ರ್ಯಾಕ್ಟರ್ ಹೊರಡುವವರೆಗೂ ಕಟ್ಟೆಯ ಮೇಲೆ ಕೂರಿಸಿಕೊಂಡು ಉರು ಹೊಡೆಸಿದಳು.